ಕರೆದವನು ದೇವರು, ತಡೆದವರು ಯಾರು?

ಚಳಿ ಹಿಂದೆ ಸರಿದು ಬಿಸಿಲು ಏರತೊಡಗುವ ಹೊತ್ತಿಗೆ ಕಡೂರು, ತರೀಕೆರೆ, ಅಜ್ಜಂಪುರದ ರಸ್ತೆಗಳಲ್ಲಿ ಎತ್ತಿನ ಗಾಡಿಗಳು ಕಾಣಿಸಿಕೊಳ್ಳುತ್ತವೆ. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಹೊರಟ ಗಾಡಿಗಳು. ಟ್ರ್ಯಾಕ್ಟರು, ಕಾರು, ಬೈಕುಗಳ ಈ ಕಾಲದಲ್ಲೂ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಹೋದರೇ ನಮ್ಮ ರೈತರಿಗೆ ತೃಪ್ತಿ. ಆ ಗಾಡಿಯನ್ನು ಒಮ್ಮೆ ನಿಂತು ನೋಡಬೇಕು. ಚಕ್ರ ಬಡಗಿಯದು, ಪಟ್ಟಿ ಕಮ್ಮಾರನದು, ಮಿಣಿ ಬಾರುಕೋಲು ಚರ್ಮದ ಕೆಲಸ ಬಲ್ಲವನದು, ಎತ್ತಿಗೆ ಲಾಳ ಕಟ್ಟಿದವನು ಎಷ್ಟೋ ಊರುಗಳಲ್ಲಿ ಒಬ್ಬ ಸಾಬಿ. ಒಂದು ಗಾಡಿ ದೇವಿಯ ಮುಂದೆ ಹೋಗಿ ನಿಲ್ಲಬೇಕಾದರೆ ಅರ್ಧ ಊರಿನ ಕೈ ಅದಕ್ಕೆ ತಾಗಿರಬೇಕು.

ನಮ್ಮ ಜನ 'ನಾನು ಜಾತ್ರೆಗೆ ಹೋದೆ' ಎನ್ನುವುದು ಕಡಿಮೆ. 'ಅಮ್ಮ ಕರೆಸಿಕೊಂಡಳು' ಎನ್ನುತ್ತಾರೆ. ಮುಸ್ಲಿಮರ ಮನೆಗಳಲ್ಲೂ ಇದೇ ಮಾತು. ಹಜ್ಜಿಗೆ ಹೊರಟವರನ್ನಾಗಲಿ, ದರ್ಗಾದ ಉರುಸಿಗೆ ಹೊರಟವರನ್ನಾಗಲಿ ಕೇಳಿ ನೋಡಿ, 'ಬುಲಾವಾ ಬಂದಿದೆ' ಎನ್ನುತ್ತಾರೆ. ಹೋಗುವುದು ನಮ್ಮ ಕೈಯಲ್ಲಿಲ್ಲ, ಕರೆಯುವವನು ಕರೆಯಬೇಕು ಎಂಬುದು ಎರಡೂ ಕಡೆಯ ನಂಬಿಕೆ. ಈ ನಂಬಿಕೆಯ ಬಗ್ಗೆ ನನಗೆ ತಕರಾರಿಲ್ಲ. ಮನುಷ್ಯನ ಅಹಂಕಾರವನ್ನು ತಗ್ಗಿಸುವ ಒಳ್ಳೆಯ ಮಾತು ಅದು. ನನ್ನ ತಕರಾರು ಅಲ್ಲಿಂದ ಮುಂದಿನದು. ಕರೆ ಎಲ್ಲರಿಗೂ ಬಂದಿದೆ ಅನ್ನುತ್ತೀರಿ. ಹಾಗಾದರೆ ಬಂದವರಲ್ಲಿ ಕೆಲವರು ಗರ್ಭಗುಡಿಯ ತನಕ, ಕೆಲವರು ಹೊಸ್ತಿಲ ತನಕ, ಕೆಲವರು ಬೇವಿನ ಮರದ ತನಕ ಎಂದು ಅಳೆದು ನಿಲ್ಲಿಸಿದವರು ಯಾರು? ಅದನ್ನೂ ದೇವರೇ ಹೇಳಿದನೆ?

ಆಸಾದಿಗಳನ್ನೇ ತೆಗೆದುಕೊಳ್ಳಿ. ಚಿತ್ರದುರ್ಗ, ಚಿಕ್ಕಮಗಳೂರು, ಶಿವಮೊಗ್ಗ ಸೀಮೆಯ ಮಾರಿಹಬ್ಬಗಳಲ್ಲಿ ಆಸಾದಿ ಇಲ್ಲದೆ ಹಬ್ಬವಿಲ್ಲ. ಇವರು ಮಾದಿಗ ಸಮುದಾಯಕ್ಕೆ ಸೇರಿದ ಗಾಯಕರು. ದೇವಿಯ ಹುಟ್ಟು, ಅವಳ ಸಿಟ್ಟು, ಅವಳ ಸಂಸಾರದ ಕಥೆಯನ್ನು ರಾತ್ರಿಯಿಡೀ ಹಾಡುವ ಹಕ್ಕು ಅವರದು. ಹಾಡುವುದಷ್ಟೇ ಅಲ್ಲ, ದೇವಿಯನ್ನು ಎದುರಿಗೇ ನಿಂತು ಬೈಯುವ ಹಕ್ಕೂ ಅವರಿಗೇ ಮೀಸಲು. ಊರ ಗೌಡನಾಗಲಿ ಶಾನುಭೋಗನಾಗಲಿ ಆಡಲು ಹೆದರುವ ಮಾತನ್ನು ಆಸಾದಿ ಆಡುತ್ತಾನೆ, ದೇವಿ ಕೇಳಿಸಿಕೊಳ್ಳುತ್ತಾಳೆ. ಇದಕ್ಕಿಂತ ಹತ್ತಿರದ ಸಂಬಂಧ ಭಕ್ತನಿಗೂ ದೇವರಿಗೂ ಇನ್ನೇನಿರಲು ಸಾಧ್ಯ? ಆದರೆ ಹಬ್ಬ ಮುಗಿದ ಮರುದಿನ ಅದೇ ಆಸಾದಿ ಅದೇ ಗುಡಿಯ ಒಳಗೆ ಕಾಲಿಡಲು ಅನುಮತಿ ಇಲ್ಲದ ಊರುಗಳು ಎಷ್ಟೋ ಇದ್ದವು, ಈಗಲೂ ಇವೆ. ಬೈಯುವಷ್ಟು ಸಲುಗೆ ಕೊಟ್ಟ ತಾಯಿ, ಪಾದ ಮುಟ್ಟುವಷ್ಟು ಸಲುಗೆ ಕೊಡಲಿಲ್ಲ ಎಂದರೆ ನಂಬುವುದು ಹೇಗೆ?

ಕಡೂರು ತಾಲೂಕಿನ ಬೀರೂರಿನಲ್ಲಿ ದಸರೆಯ ಸಮಯದಲ್ಲಿ ಮೈಲಾರಲಿಂಗನ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಬಿಲ್ಲನ್ನೇರಿ ನಾಲ್ಕು ಮಾತು ನುಡಿಯುತ್ತಾನೆ. ಆ ಮಾತಿನಲ್ಲಿ ಮಳೆ ಬೆಳೆಯ ಸೂಚನೆ ಏನಿದೆ, ರಾಜಕೀಯದ ಸೂಚನೆ ಏನಿದೆ ಎಂದು ಜನ ಕಿವಿಗೊಡುತ್ತಾರೆ, ಮರುದಿನ ಪತ್ರಿಕೆಗಳು ಅರ್ಥ ಹಚ್ಚುತ್ತವೆ. ಕುರಿ ಕಾಯುವ ಕುಲದವರ ದೇವರು, ಕಂಬಳಿ ಹೊದ್ದವನ ಬಾಯಲ್ಲಿ ಮಾತಾಡುತ್ತಾನೆಂದು ಊರಿಗೆ ಊರೇ ಒಪ್ಪುತ್ತದೆ. ಒಳ್ಳೆಯದೇ. ಆದರೆ ಅದೇ ಕಂಬಳಿಯವನು ಇನ್ನುಳಿದ ಮುನ್ನೂರ ಅರವತ್ತನಾಲ್ಕು ದಿನ ಪಂಚಾಯಿತಿ ಕಟ್ಟೆಯಲ್ಲಿ ಆಡಿದ ಮಾತಿಗೆ ಈ ಕಿವಿಗಳು ಇರುತ್ತವೆಯೆ?

ಈಗ ತರೀಕೆರೆಗೆ ಬನ್ನಿ. 2024ರ ಜನವರಿ. ತಾಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಗೆ ಜೆಸಿಬಿ ಯಂತ್ರದ ಕೆಲಸಕ್ಕೆಂದು ಒಬ್ಬ ದಲಿತ ಯುವಕ ಹೋದ. ಅವನ ಜಾತಿ ಗೊತ್ತಾಯಿತು. ಹಟ್ಟಿಯೊಳಗೆ ಬಂದದ್ದೇ ತಪ್ಪೆಂದು ಅವನ ಮೇಲೆ ಹಲ್ಲೆಯಾಯಿತು. ಮೈಲಿಗೆಯಾಯಿತೆಂದು ಗುಡಿಗೆ ಬೀಗ ಬಿತ್ತು. ಪೊಲೀಸರಲ್ಲಿ ಮೊಕದ್ದಮೆ ದಾಖಲಾಯಿತು. ಕೆಲವೇ ದಿನಗಳಲ್ಲಿ ದಲಿತ ಸಂಘಟನೆಗಳವರು ಅಧಿಕಾರಿಗಳ, ಪೊಲೀಸರ ಸಮ್ಮುಖದಲ್ಲಿ ಹಟ್ಟಿಯನ್ನೂ ಗುಡಿಯನ್ನೂ ಪ್ರವೇಶಿಸಿದರು. ಪತ್ರಿಕೆಗಳಲ್ಲಿ ಒಂದೆರಡು ವಾರ ಸುದ್ದಿಯಾಗಿ ತಣ್ಣಗಾಯಿತು.

ನನ್ನ ತಲೆಯಲ್ಲಿ ಮಾತ್ರ ಆ ಜೆಸಿಬಿ ಇನ್ನೂ ನಿಂತಿದೆ. ಯಂತ್ರ ಹಟ್ಟಿಯೊಳಗೆ ಬರಬಹುದಿತ್ತು. ಅದರ ಕಬ್ಬಿಣದ ಬಾಯಿ ಹಟ್ಟಿಯ ಮಣ್ಣನ್ನು ಅಗೆಯಬಹುದಿತ್ತು. ಹಾಗಾದರೆ ಅದನ್ನು ನಡೆಸುವ ಕೈ ಎಲ್ಲಿ ಇರಬೇಕಿತ್ತು, ಹಟ್ಟಿಯ ಬೇಲಿಯ ಆಚೆಗೆ? ಚಾಲಕನಿಲ್ಲದೆ ಬರುವ ಜೆಸಿಬಿಯನ್ನು ಯಾವ ಕಂಪನಿಯೂ ಇನ್ನೂ ಹಳ್ಳಿಗೆ ಕಳಿಸಿಲ್ಲ. ಕೆಲಸ ಬೇಕು, ಕೆಲಸದವನು ಬೇಡ. ಹಾಡು ಬೇಕು, ಹಾಡುವವನು ಬೇಡ. ಸಾವಿರ ವರ್ಷದ ಲೆಕ್ಕಾಚಾರವನ್ನು ಆ ಒಂದು ದಿನ ಒಬ್ಬ ಹುಡುಗನ ಮೈಮೇಲೆ ಬರೆದು ತೋರಿಸಿತು.

ಇಲ್ಲಿ ಗೊಲ್ಲರನ್ನು ಮಾತ್ರ ಕಟಕಟೆಗೆ ನಿಲ್ಲಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅನ್ಯಾಯ. ಕಾಡುಗೊಲ್ಲರು ಶತಮಾನಗಳಿಂದ ಊರಾಚೆ ಮುಳ್ಳುಬೇಲಿಯೊಳಗೆ ಬದುಕಿದವರು. ಅಕ್ಷರ, ಜಮೀನು, ಅಧಿಕಾರ ಯಾವುದೂ ಸಲೀಸಾಗಿ ಸಿಗದವರು. ಅವರು ಪೂಜಿಸುವ ಜುಂಜಪ್ಪ ದನ ಕಾಯ್ದ ವೀರ. ದನಗಾಹಿಯನ್ನು ದೇವರ ಪೀಠಕ್ಕೆ ಏರಿಸಿದ ಜನ, ಯಂತ್ರ ನಡೆಸುವವನನ್ನು ಮೈಲಿಗೆ ಎಂದರು. ಅದೇ ಮೈಲಿಗೆಯ ಬೇಲಿ ಅವರ ಹೆಣ್ಣುಮಕ್ಕಳನ್ನೂ ಬಿಟ್ಟಿಲ್ಲ. ಮುಟ್ಟಾದಾಗ, ಬಾಣಂತಿಯಾದಾಗ ಹಟ್ಟಿಯ ಹೊರಗಿನ ಗುಡ್ಲಿನಲ್ಲಿ ಇರಬೇಕೆಂಬ ಕಟ್ಟಳೆ ಎಷ್ಟೋ ಹಟ್ಟಿಗಳಲ್ಲಿ ನಡೆದುಬಂದಿದೆ. 2023ರ ಜುಲೈನಲ್ಲಿ ತುಮಕೂರಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಮಳೆ ಚಳಿಯಲ್ಲಿ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರಿಂದ ಹಸುಗೂಸು ತೀರಿಕೊಂಡಿತು. ಹೀಗೆ ಹೊರಗಿಡುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದು ಹೇಳುತ್ತದೆ. ತಾಯಿಯಾಗುವುದಕ್ಕೆ ದೇವರ ಕರೆ ಇದೆಯಂತೆ, ತಾಯಿಯಾದ ವಾರದಲ್ಲಿ ದೇವರ ಹಟ್ಟಿಯಲ್ಲಿ ಮಲಗುವುದಕ್ಕೆ ಇಲ್ಲವಂತೆ. ಇದೆಂಥ ಕರೆ?

ಇಷ್ಟು ಹೇಳಿದರೆ ಬರುವ ಮೊದಲ ಉತ್ತರ ನನಗೆ ಗೊತ್ತಿದೆ. 'ಐದು ಬೆರಳು ಒಂದೇ ಸಮ ಇರುತ್ತವೆಯೇ? ಒಬ್ಬೊಬ್ಬರಿಗೆ ಒಂದೊಂದು ಕೆಲಸ ದೇವರು ಕೊಟ್ಟಿದ್ದಾನೆ. ಇದರಲ್ಲಿ ಮೇಲು ಕೀಳು ಎಲ್ಲಿ ಬಂತು?' ಬೆರಳಿನ ಮಾತನ್ನೇ ಹಿಡಿಯೋಣ. ಐದು ಬೆರಳು ಸಮ ಇಲ್ಲ, ನಿಜ. ಆದರೆ ತುತ್ತು ಎತ್ತುವಾಗ ಐದೂ ಒಟ್ಟಿಗೆ ತಟ್ಟೆಗಿಳಿಯುತ್ತವೆ. ಕಿರುಬೆರಳು ಮೈಲಿಗೆ, ಅದು ತಟ್ಟೆಯ ಹೊರಗಿರಲಿ ಎಂದು ಯಾವ ಕೈಯೂ ಹೇಳಿಲ್ಲ. ಕೆಲಸದ ಹಂಚಿಕೆ ಬೇರೆ, ತಟ್ಟೆಯ ಹಂಚಿಕೆ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಒಪ್ಪಿಸುವುದು ಹಳೆಯ ಕೈಚಳಕ.

ಇನ್ನೊಂದು ಮಾತಿದೆ. ಅಜ್ಜಂಪುರದವರಿಗೆ ಅಮೃತ ಮಹಲ್ ದನಗಳ ಬಗ್ಗೆ ನಾನು ಹೇಳಬೇಕಿಲ್ಲ. ಮೈಸೂರು ಒಡೆಯರ ಬೆಣ್ಣೆ ಚಾವಡಿಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ತಳಿ ಅದು. ಫಿರಂಗಿ ಎಳೆಯಲು, ದೂರದ ದಂಡಿಗೆ ಸಾಮಾನು ಸಾಗಿಸಲು ಬೆಳೆಸಿದ್ದು. ಎಳೆಯುವುದರಲ್ಲಿ, ಓಡುವುದರಲ್ಲಿ ಅದಕ್ಕೆ ಸಾಟಿ ಕಡಿಮೆ, ಹಾಲಿನಲ್ಲಿ ಅಷ್ಟಕ್ಕಷ್ಟೆ. ಅದರ ಮೇಲೆ ಹಾಲಿನ ನಿರೀಕ್ಷೆ ಹೊರಿಸಬಾರದು. ಏಕೆಂದರೆ ಅದು ತಳಿ. ಮನುಷ್ಯರು ಅದನ್ನು ತಲೆಮಾರುಗಳಿಂದ ಆರಿಸಿ, ಕೂಡಿಸಿ, ಒಂದು ಕೆಲಸಕ್ಕೆಂದು ರೂಪಿಸಿದ್ದಾರೆ. 'ಇವನ ಕುಲಕ್ಕೆ ತಮಟೆ, ಇವನ ಕುಲಕ್ಕೆ ಮಂತ್ರ, ಇವಳ ಜಾತಿಗೆ ಒಲೆ' ಎನ್ನುವವರು ದೇವರನ್ನು ಒಬ್ಬ ತಳಿ ತಜ್ಞನನ್ನಾಗಿ ಮಾಡಿಬಿಟ್ಟಿದ್ದಾರೆ. ಕಾವಲಿನ ದನಕ್ಕೆ ಒಪ್ಪುವ ಲೆಕ್ಕವನ್ನು ಮನುಷ್ಯರ ಮಕ್ಕಳಿಗೆ ಹಚ್ಚುವುದು ದೇವರಿಗೂ ಅವಮಾನ, ಮನುಷ್ಯನಿಗೂ ಅವಮಾನ.

ಎರಡನೆಯ ಉತ್ತರ: 'ಅವರೇ ಒಪ್ಪಿಕೊಂಡಿದ್ದಾರೆ, ನಿಮಗೇನು?' ಆಸಾದಿಯೇ ಒಳಗೆ ಬರುವುದಿಲ್ಲ ಅನ್ನುತ್ತಾನೆ, ಹೆಣ್ಣುಮಗಳೇ ಗುಡ್ಲಿಗೆ ಹೋಗಿ ಕೂರುತ್ತಾಳೆ ಎಂದು ತೋರಿಸುತ್ತಾರೆ. ಒಲ್ಲೆ ಎಂದವನಿಗೆ ಏನಾಗುತ್ತದೆ ಎಂದು ಗೊತ್ತಿರುವ ಕಡೆ ಒಪ್ಪಿಗೆಗೆ ಬೆಲೆ ಇಲ್ಲ. ಒಪ್ಪಿಗೆ ನಿಜವೋ ಸುಳ್ಳೋ ತಿಳಿಯಲು ಒಂದೇ ದಾರಿ. ಬಾಗಿಲು ತೆರೆದಿಟ್ಟು ನೋಡಿ. ತೆರೆದ ಬಾಗಿಲಿನ ಮುಂದೆ ನಿಂತು ಒಬ್ಬ 'ನಾನು ಬರುವುದಿಲ್ಲ' ಎಂದರೆ ಅದು ಅವನ ಇಷ್ಟ. ಬೀಗ ಹಾಕಿದ ಬಾಗಿಲಿನ ಮುಂದೆ ಆಡಿದ ಅದೇ ಮಾತು ಇಷ್ಟವಲ್ಲ, ಭಯ.

ಬಾಗಿಲು ತೆರೆದ ಕಡೆ ಆಕಾಶ ಬಿದ್ದದ್ದನ್ನು ಯಾರೂ ಕಂಡಿಲ್ಲ. 2002ರಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಪೂಜಾವಿಧಿ ಬಲ್ಲ ಅರ್ಹ ವ್ಯಕ್ತಿ ಬ್ರಾಹ್ಮಣನೇ ಆಗಿರಬೇಕಿಲ್ಲ ಎಂದು ಹೇಳಿತು. 2017ರಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯ ಗುಡಿಗಳಿಗೆ ದಲಿತರೂ ಅರ್ಚಕರಾಗಿ ಆಯ್ಕೆಯಾದರು. ನಮ್ಮದೇ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕಿಯರಾದರು. ಶುಭ ಕಾರ್ಯದಲ್ಲಿ ಎದುರಿಗೇ ಬರಬಾರದು ಎಂದು ಯಾರನ್ನು ಒಳಕೋಣೆಗೆ ತಳ್ಳಿದ್ದರೋ ಅವರ ಕೈಯ ಆರತಿಯನ್ನು ಜನ ಕಣ್ಣಿಗೊತ್ತಿಕೊಂಡರು. ದೇವರು ಬೇಡವೆಂದ ಸುದ್ದಿ ಬಂದಿಲ್ಲ. ಇದು ಇಂದಿನ ಆವಿಷ್ಕಾರವೂ ಅಲ್ಲ. ಹರಿಹರನ ರಗಳೆಯ ಅಲ್ಲಮ ಮದ್ದಳೆ ಬಾರಿಸುತ್ತಿದ್ದವನು. ಆ ಮದ್ದಳೆಯವನನ್ನೇ ಕಲ್ಯಾಣದ ಶರಣರು ಶೂನ್ಯಸಿಂಹಾಸನದ ಮೇಲೆ ಕಂಡರು. 'ನಿನ್ನ ಕರೆ ಮದ್ದಳೆಗೆ ಮಾತ್ರ' ಎಂದು ಬಸವಣ್ಣ ಅಲ್ಲಮನಿಗೆ ಹೇಳಿದ್ದರೆ ಕನ್ನಡದ ಗತಿ ಏನಾಗುತ್ತಿತ್ತು?

ಮೂರನೆಯ ಉತ್ತರ ಸ್ವಲ್ಪ ಬಿಸಿಯಾಗಿ ಬರುತ್ತದೆ. 'ನಿಮ್ಮ ಹೆಸರು ನೋಡಿಕೊಳ್ಳಿ. ನಮ್ಮ ಗುಡಿಯ ಸುದ್ದಿ ನಿಮಗೇಕೆ? ಮೊದಲು ನಿಮ್ಮ ಮನೆ ನೋಡಿ.' ಇದರ ಮೊದಲರ್ಧವನ್ನು ನಾನು ಒಪ್ಪುವುದಿಲ್ಲ. ಸೂಫಿಗಳ ಜತೆಗೆ ನಾಥಪಂಥ, ಶಾಕ್ತಪಂಥಗಳ ಮೇಲೂ ಕನ್ನಡಕ್ಕೆ ದೊಡ್ಡ ಗ್ರಂಥಗಳನ್ನು ಕೊಟ್ಟವರು ತರೀಕೆರೆಯ ಹೆಸರನ್ನೇ ಹೊತ್ತ ರಹಮತ್ ತರೀಕೆರೆ. ಈ ನೆಲದ ಗುಡಿ, ಮಠ, ದರ್ಗಾಗಳು ಈ ನೆಲದ ಎಲ್ಲರ ಸುದ್ದಿ. ಆದರೆ ಎರಡನೆಯ ಅರ್ಧವನ್ನು ತಲೆಬಾಗಿ ಒಪ್ಪುತ್ತೇನೆ. ನಮ್ಮ ಮನೆಯನ್ನು ನೋಡೋಣ.

ನಮ್ಮಲ್ಲಿ ಹುಟ್ಟಿನ ಮೇಲುಕೀಳಿಗೆ ಧರ್ಮದ ಒಪ್ಪಿಗೆ ಇಲ್ಲ ಎಂದು ವೇದಿಕೆಗಳಲ್ಲಿ ಹೇಳುತ್ತೇವೆ. ಹೇಳುವುದು ಸರಿಯೇ. ಗುಲಾಮನಾಗಿದ್ದ ಆಫ್ರಿಕಾ ಮೂಲದ ಬಿಲಾಲ್‌ರನ್ನು ಪ್ರವಾದಿಯವರು ಅಜಾನಿಗೆ ಕರೆದರು. 630ರಲ್ಲಿ ಮಕ್ಕಾ ಕೈಸೇರಿದ ದಿನ ಅದೇ ಬಿಲಾಲ್ ಕಾಬಾದ ಮೇಲೆ ನಿಂತು ಅಜಾನ್ ಕೂಗಿದರು. ಕುರೈಶರ ಕುಲೀನರಲ್ಲಿ ಕೆಲವರು ಮೂಗು ಮುರಿದರು. ಪ್ರವಾದಿಯವರು ತಮ್ಮ ಕೊನೆಯ ದಿನಗಳಲ್ಲಿ ದಂಡಿನ ನಾಯಕತ್ವವನ್ನು ಕೊಟ್ಟದ್ದು ಬಿಡುಗಡೆಗೊಂಡ ಗುಲಾಮ ಝೈದ್‌ರ ಮಗ, ಇನ್ನೂ ಎಳೆಯ ಪ್ರಾಯದ ಉಸಾಮಾರಿಗೆ. ಹಿರಿಯರು ಗೊಣಗಿದರು, ಪ್ರವಾದಿಯವರು ಕದಲಲಿಲ್ಲ. ಈ ಕಥೆಗಳನ್ನು ನಾವು ಪ್ರತಿವರ್ಷ ಮೀಲಾದ್ ಸಭೆಗಳಲ್ಲಿ ಕಣ್ಣೀರಿನೊಂದಿಗೆ ಕೇಳುತ್ತೇವೆ.

ಸಭೆ ಮುಗಿದು ಮನೆಗೆ ಬಂದ ಮೇಲೆ? ಮಸೀದಿಯ ಸಾಲಿನಲ್ಲಿ ಪಿಂಜಾರನ ಭುಜಕ್ಕೆ ಭುಜ ತಾಗಿಸಿ ನಿಂತವರು, ಅವನ ಮನೆಯಿಂದ ಹೆಣ್ಣು ತರುವ ಮಾತು ಬಂದಾಗ ಖಾಂದಾನಿನ ಲೆಕ್ಕ ತೆಗೆಯುತ್ತಾರೆ. ನಮಾಜಿಗೆ ಕರೆದ ದೇವರು ನಿಕಾಹಿಗೆ ಕರೆಯಲಿಲ್ಲವೆ? ಇಮಾಮ್ ಸಾಹೇಬರ ಕಥೆಯನ್ನೂ ನೋಡಿ. ಐದು ಹೊತ್ತು ಊರಿನ ಧನಿಕರೆಲ್ಲ ಅವರ ಹಿಂದೆ ನಿಲ್ಲುತ್ತಾರೆ. ನಮಾಜು ಮುಗಿದ ಮೇಲೆ ಆಡಳಿತ ಕಮಿಟಿಯ ಸಭೆಯಲ್ಲಿ ಅದೇ ಇಮಾಮರು ಸಂಬಳಕ್ಕಾಗಿ ಬಾಗಿಲ ಬಳಿ ಕಾಯುವುದು ಎಷ್ಟು ಜಮಾತುಗಳಲ್ಲಿಲ್ಲ? ಅಲ್ಲಾಹನ ಮುಂದೆ ನಮ್ಮನ್ನು ಮುನ್ನಡೆಸಬಹುದು, ಮಸೀದಿಯ ಲೆಕ್ಕಪುಸ್ತಕದ ಮುಂದೆ ಬಾಯಿ ತೆರೆಯಬಾರದು.

ಇನ್ನು ಹೆಣ್ಣುಮಕ್ಕಳು. ಪ್ರವಾದಿಯವರ ಕಾಲದ ಮದೀನಾ ಮಸೀದಿಯಲ್ಲಿ ಹೆಂಗಸರು ನಮಾಜು ಮಾಡುತ್ತಿದ್ದರು. ಉಮ್ಮು ವರಖಾ ಎಂಬ ಮಹಿಳೆಗೆ ತಮ್ಮ ಮನೆಯವರ ನಮಾಜಿನ ನೇತೃತ್ವ ವಹಿಸಲು ಪ್ರವಾದಿಯವರು ಹೇಳಿದ್ದನ್ನು ಅಬೂದಾವೂದ್ ಸಂಗ್ರಹ ದಾಖಲಿಸಿದೆ. ಹಜರತ್ ಆಯಿಷಾ ಎರಡು ಸಾವಿರಕ್ಕೂ ಹೆಚ್ಚು ಹದೀಸುಗಳನ್ನು ಉಮ್ಮತ್ತಿಗೆ ದಾಟಿಸಿದವರು. ಗಂಡಸರು ಅವರಿಂದ ಪಾಠ ಹೇಳಿಸಿಕೊಂಡರು. ಇವತ್ತಿಗೂ ಕಾಬಾದ ಸುತ್ತ ಗಂಡು ಹೆಣ್ಣು ಒಟ್ಟಿಗೇ ತವಾಫ್ ಮಾಡುತ್ತಾರೆ. ಮಹಿಳೆಯರು ಮಸೀದಿಗೆ ಬಂದು ನಮಾಜು ಮಾಡಲು ಧರ್ಮದಲ್ಲಿ ಅಡ್ಡಿಯಿಲ್ಲ ಎಂದು 2020ರ ಜನವರಿಯಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ ಹೇಳಿದೆ. ದೆಹಲಿಯಲ್ಲಿ ಪ್ರಮಾಣಪತ್ರ ಸಲ್ಲಿಸಿದ ಮಾತು ನಮ್ಮ ಹೋಬಳಿಯ ಮಸೀದಿಗೆ ಇನ್ನೂ ಯಾಕೆ ತಲುಪಿಲ್ಲ? ಒಂದು ಬೇರೆ ಬಾಗಿಲು, ಒಂದು ನಲ್ಲಿ, ಒಂದು ಪರದೆ. ಇಷ್ಟಕ್ಕೆ ಚಂದಾ ಸಾಲದೆ? ಗೋಪುರಕ್ಕೆ ಮಾರ್ಬಲ್ ಹೊದಿಸಲು ಚಂದಾ ಬರುತ್ತದಲ್ಲ!

ಈ ಮಾತು ಎತ್ತಿದವರಿಗೆ ಏನಾಯಿತೆಂಬುದಕ್ಕೆ ಹಾಸನದ ಬಾನು ಮುಷ್ತಾಕ್ ಸಾಕ್ಷಿ. ಮಹಿಳೆಯರ ಮಸೀದಿ ಪ್ರವೇಶದ ಪರ ಮಾತಾಡಿದ್ದಕ್ಕೆ 2000ದಲ್ಲಿ ಅವರೂ ಅವರ ಕುಟುಂಬವೂ ತಿಂಗಳುಗಟ್ಟಲೆ ಬಹಿಷ್ಕಾರ ಅನುಭವಿಸಬೇಕಾಯಿತು. ಬಹಿಷ್ಕಾರ ಹಾಕಿದವರು ಹೊರಗಿನವರಲ್ಲ, ನಮ್ಮವರು. 2025ರ ಮೇ ತಿಂಗಳಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಅದೇ ವರ್ಷದ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ ಇನ್ನೊಂದು ಬಾಗಿಲಿನಿಂದ ಕೂಗು ಕೇಳಿತು. ಕನ್ನಡದಲ್ಲಿ ಬರೆಯಲಿ, ಕನ್ನಡಕ್ಕೆ ಬೂಕರ್ ತರಲಿ, ಚಾಮುಂಡಿಯ ಮುಂದೆ ದೀಪ ಹಚ್ಚುವುದು ಬೇಡ ಎಂದರು. ಹೈಕೋರ್ಟ್, ಬಳಿಕ ಸುಪ್ರೀಂ ಕೋರ್ಟ್ ಅರ್ಜಿಗಳನ್ನು ವಜಾ ಮಾಡಿದವು. ಸೆಪ್ಟೆಂಬರ್ 22ರಂದು ಅವರು ಬೆಟ್ಟದ ಮೇಲೆ ದಸರೆಗೆ ಚಾಲನೆ ಕೊಟ್ಟರು. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಒಬ್ಬಳೇ ಹೆಣ್ಣುಮಗಳನ್ನು ಎರಡು ಬಾಗಿಲುಗಳಲ್ಲಿ ತಡೆಯಲಾಯಿತು. ಒಂದು ಕಡೆ ಹೆಣ್ಣೆಂದು, ಇನ್ನೊಂದು ಕಡೆ ಮುಸ್ಲಿಮಳೆಂದು. ತಡೆದವರು ಪರಸ್ಪರ ಶತ್ರುಗಳು. ಆದರೆ ವಾದ ಒಂದೇ, ದನಿಯೂ ಒಂದೇ: 'ನಿನಗೆ ಇಷ್ಟಕ್ಕೆ ಕರೆ ಇದೆ, ಅಷ್ಟಕ್ಕಿಲ್ಲ.' ಎರಡನೆಯದನ್ನು ಖಂಡಿಸಿ ಮೊದಲನೆಯದನ್ನು ಮರೆತ ಮುಸ್ಲಿಮರಿಗೂ, ಮೊದಲನೆಯದನ್ನು ಕುಣಿದಾಡಿ ಎತ್ತಿ ಹೇಳಿ ಎರಡನೆಯದಕ್ಕೆ ಜೈ ಎಂದವರಿಗೂ ನ್ಯಾಯದ ಮಾತಾಡುವ ಮುಖವಿಲ್ಲ.

ಹಾಗಾದರೆ ದೇವರ ಕರೆ ಯಾವುದು, ಮನುಷ್ಯರ ತಡೆ ಯಾವುದು ಎಂದು ಗುರುತಿಸುವುದು ಹೇಗೆ? ನಾನು ಮೌಲ್ವಿಯಲ್ಲ, ಪಂಡಿತನೂ ಅಲ್ಲ. ನನಗೆ ಗೊತ್ತಿರುವುದು ಒಂದೇ ಒರೆಗಲ್ಲು. ಕರೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡಿ. ಅದು ನಿಂತ ಜಾಗದಲ್ಲೇ ಯಾರದಾದರೂ ಲಾಭ ಶುರುವಾಗುತ್ತದೆಯೇ ನೋಡಿ. ಆಸಾದಿಯ ಕರೆ ನಿಲ್ಲುವ ಹೊಸ್ತಿಲಿನಲ್ಲಿ ತಟ್ಟೆಕಾಸು ಶುರುವಾಗುತ್ತದೆ. ಇಮಾಮರ ಕರೆ ನಿಲ್ಲುವ ಕಡೆ ಕಮಿಟಿಯ ಅಧಿಕಾರ ಶುರುವಾಗುತ್ತದೆ. ಹೆಂಗಸಿನ ಕರೆ ನಿಲ್ಲುವ ಕಡೆ ಗಂಡಸಿನ ಜಗಲಿ ಶುರುವಾಗುತ್ತದೆ. ದೇವರ ಇಚ್ಛೆಯೂ ಊರ ಯಜಮಾನರ ಅನುಕೂಲವೂ ಪ್ರತಿ ಸಲ ಒಂದೇ ಗೆರೆಯ ಮೇಲೆ ಬಂದು ನಿಂತರೆ, ಆ ಗೆರೆಯನ್ನು ಎಳೆದವರು ಯಾರೆಂದು ಕೇಳಲು ಶಾಸ್ತ್ರ ಓದಬೇಕಿಲ್ಲ.

ಮುಂದಿನ ವರ್ಷವೂ ಅಂತರಘಟ್ಟೆಗೆ ಗಾಡಿಗಳು ಹೊರಡುತ್ತವೆ. ಅಮ್ಮ ಕರೆಸಿಕೊಳ್ಳಲಿ. ಬೀರೂರಿನಲ್ಲಿ ಗೊರವಯ್ಯ ಬಿಲ್ಲನ್ನೇರಲಿ. ತರೀಕೆರೆಯ ಮಸೀದಿಗಳಲ್ಲಿ ಐದು ಹೊತ್ತು ಅಜಾನ್ ಆಗಲಿ. 'ಹಯ್ಯ ಅಲಸ್ಸಲಾಹ್' ಎಂದು ಮುಅಜ್ಜಿನರು ಕೂಗುವಾಗ 'ಗಂಡಸರೇ ಬನ್ನಿ' ಎಂದೇನೂ ಕೂಗುವುದಿಲ್ಲ. ಬನ್ನಿ ಎಂದಷ್ಟೇ ಕೂಗುತ್ತಾರೆ. ಕರೆ ಮನೆಯೊಳಗಿರುವ ಹೆಣ್ಣುಮಗಳಿಗೂ ಕೇಳಿಸುತ್ತದೆ, ಕೇರಿಯ ಹುಡುಗನಿಗೂ ಕೇಳಿಸುತ್ತದೆ. ಬಾಗಿಲಲ್ಲಿ ನಿಂತವರು ನಾವು. ದೇವರ ಹೆಸರು ಹೇಳಿ ಅಡ್ಡ ಹಿಡಿದ ನಮ್ಮ ಕೈಯನ್ನು ನಾವೇ ಇಳಿಸಬೇಕು.